ಒಂಬತ್ತನೆಯ ಸ್ವಿಚ್

ಮಾರ್ಚ್ ೧೧, ಮಂಗಳವಾರ
ಮಧ್ಯಾಹ್ನ, ಅಪ್ಪ ಮಲಗಿದ ಮೇಲೆ

ಪ್ರೀತಿಯ ಕಡ್ಡಿ,

ಇದು ಯಾರ ಅಕ್ಷರ ಎಂದು ಲಕೋಟೆಯನ್ನು ಎರಡು ಸಲ ತಿರುಗಿಸಿ ನೋಡಿರುತ್ತೀಯ. ನಿನ್ನ ಅಮ್ಮನದ್ದೇ. ಮೂವತ್ತೊಂದು ವರ್ಷ ಡಾಕ್ಟರುಗಳ ಮಾತನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡಿದ ಮೇಲೆ ನನ್ನ ಸ್ವಂತ ಬರಹ ಅವರ ಚೀಟಿಗಿಂತ ಕಡೆಯಾಗಿದೆ. ಓದಲು ಕಷ್ಟವಾದರೆ ಬೆಳಕಿಗೆ ಹಿಡಿದು ಓದು. ಅರ್ಧಕ್ಕೆ ಮಾತ್ರ ಬಿಡಬೇಡ.

ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀಯ. ನೀನು ಎತ್ತುವುದಿಲ್ಲ. ನಾಲ್ಕು ತಿಂಗಳಾಯಿತು. ತಿಂಗಳ ಮೊದಲ ವಾರ ದುಡ್ಡು ಮಾತ್ರ ತಪ್ಪದೆ ಬರುತ್ತದೆ, ಅದರ ಜೊತೆ ಒಂದು ಮಾತೂ ಬರುವುದಿಲ್ಲ. ನಾನು ದೂರುತ್ತಿಲ್ಲ. ನಾನಾಡಿದ ಮಾತಿಗೆ ಅಷ್ಟು ಶಿಕ್ಷೆ ಸಲ್ಲುತ್ತದೆ. ದೂರುವಷ್ಟು ಶಕ್ತಿಯೂ ಈಗ ಉಳಿದಿಲ್ಲ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ನವೆಂಬರಿನಲ್ಲಿ ನಾನು ಅಂಚೆಯಲ್ಲಿ ಕಳಿಸಿದ ತಗಡಿನ ಡಬ್ಬಿ ನಿನ್ನ ಹತ್ತಿರ ಇದೆಯೇ? ಕೆಮ್ಮಿನ ಮಾತ್ರೆಯ ಹಸಿರು ಡಬ್ಬಿ, ಒಳಗೆ ಹತ್ತಿ, ಹತ್ತಿಯ ಮೇಲೆ ಕೀಬೋರ್ಡಿನ ಒಂಬತ್ತು ಸ್ವಿಚ್ಚು. ಜೊತೆಯಲ್ಲಿ ಒಂದು ಚೀಟಿಯನ್ನೂ ಇಟ್ಟಿದ್ದೆ, ಮಾರಿಕೊಂಡು ನಿನ್ನ ದುಡ್ಡು ವಸೂಲಿ ಮಾಡಿಕೋ ಎಂದು. ಅಂಥ ಚೀಟಿ ಓದಿದವಳು ಡಬ್ಬಿಯನ್ನು ಕಸಕ್ಕೆ ಎಸೆದಿದ್ದರೆ ನಾನು ಏನೂ ಹೇಳುವ ಹಾಗಿಲ್ಲ. ಎಸೆಯದೆ ಎಲ್ಲೋ ಮೂಲೆಗೆ ತಳ್ಳಿದ್ದರೆ ದಯವಿಟ್ಟು ಹುಡುಕು. ಅದು ನನಗೆ ವಾಪಸ್ ಬೇಕು. ಅಪ್ಪನಿಗೆ ಬೇಕು.

ಏಕೆಂದು ಹೇಳಬೇಕಾದರೆ ಹಿಂದಿನಿಂದ ಬರಬೇಕು. ಸ್ವಲ್ಪ ಗೊತ್ತಿದೆ ನಿನಗೆ, ಆದರೆ ಅಷ್ಟೂ ಫೋನಿನಲ್ಲಿ ಕೇಳಿದ್ದು. ಫೋನಿನಲ್ಲಿ ನಾನು ಯಾವತ್ತೂ ಎಲ್ಲವನ್ನೂ ಹೇಳಿದವಳಲ್ಲ.

ಈ ಕೀಬೋರ್ಡ್ ಹುಚ್ಚು ಹಿಡಿದದ್ದು ಬೆರಳು ಮರಗಟ್ಟಿದ್ದರಿಂದ, ಅದು ನಿನಗೆ ನೆನಪಿರಬೇಕು. ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನ ಎರಡು ಕನ್ನಡಕದಾಕೆ, ಒಂದು ಮೂಗಿನ ಮೇಲೆ ಒಂದು ತಲೆಯ ಮೇಲೆ ಇಟ್ಟುಕೊಂಡು ಮೂರನೆಯದನ್ನು ಹುಡುಕುವವಳು, ಅವಳೇ ನನಗೆ ತನ್ನ ಹಳೆಯ ಬೋರ್ಡನ್ನು ಒಂದು ವಾರಕ್ಕೆಂದು ಕೊಟ್ಟಳು. ಒಂದೊಂದು ಕೀಯ ಕೆಳಗೂ ಒಂದೊಂದು ಪುಟ್ಟ ಡಬ್ಬಿ, ಅದರೊಳಗೆ ಒಂದು ಸ್ಪ್ರಿಂಗು. ಅದಕ್ಕೇ ಸ್ವಿಚ್ ಅನ್ನುತ್ತಾರೆ. ಬೆಸುಗೆ ಇಲ್ಲ, ಚಿಮುಟದಲ್ಲಿ ಎಳೆದರೆ ಕಿತ್ತು ಬರುತ್ತದೆ, ಬೇರೆಯದನ್ನು ಒತ್ತಿದರೆ ಕೂತುಕೊಳ್ಳುತ್ತದೆ. ಕೆಲವು ಮೆತ್ತಗೆ, ಕೆಲವು ಬಿಗಿ, ಕೆಲವು ಟಿಕ್ ಅನ್ನುತ್ತವೆ, ಕೆಲವು ಗಂಟಲೊಳಗೇ ಮಾತಾಡಿಕೊಳ್ಳುತ್ತವೆ. ವಾರದ ಕೊನೆಗೆ ಅವಳಿಗೆ ಬೋರ್ಡ್ ವಾಪಸ್ ಕೊಡಲು ನನಗೆ ಮನಸ್ಸೇ ಬರಲಿಲ್ಲ.

ಬಸ್ ಡಿಪೋದಿಂದ ಬಂದ ಅಪ್ಪ, ನಾನು ಸಣ್ಣ ಬ್ರಷ್ಷಿನಲ್ಲಿ ಸ್ವಿಚ್ಚುಗಳಿಗೆ ಗ್ರೀಸ್ ಸವರುತ್ತಾ ಕೂತಿದ್ದನ್ನು ನೋಡಿ, ಇಷ್ಟು ವರ್ಷ ನನ್ನ ಅಂಗಿಯ ಗ್ರೀಸಿಗೆ ಮೂಗು ಮುರಿದವಳು ನೀನೇನಾ ಎಂದು ಕೇಳಿದ್ದರು. ಬಾಗಿಲಲ್ಲೇ ನಿಂತು ನಕ್ಕಿದ್ದೇ ನಕ್ಕಿದ್ದು. ಆದರೆ ಎಂಜಿನ್ ಶಬ್ದ ಕೇಳಿಯೇ ಯಾವ ಬಸ್ಸಿಗೆ ಯಾವ ಕಾಯಿಲೆ ಎಂದು ಹೇಳುವ ಕಿವಿ ಅವರದು. ಒಂದು ತಿಂಗಳಲ್ಲಿ ನನಗಿಂತ ಚೆನ್ನಾಗಿ ಕಲಿತುಬಿಟ್ಟರು. ಅಡುಗೆಮನೆಯಲ್ಲಿದ್ದುಕೊಂಡೇ ನಿನ್ನ ಎಡಗಡೆ ಮೂರನೇ ಕೀ ಒಣಗಿದೆ ನೋಡು ಅನ್ನುವರು. ನೋಡಿದರೆ ನಿಜ.

ಹುಚ್ಚಿಗೆ ನಾನೇ ಕಟ್ಟುಪಾಡು ಹಾಕಿಕೊಂಡಿದ್ದೆ. ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ ಚೀಟಿಯನ್ನು ನೀನೇ ಓದಿ ನಕ್ಕಿದ್ದೆ. ಮನೆಯಲ್ಲಿ ಒಂದೇ ಬೋರ್ಡ್. ಒಂದು ಬಂದರೆ ಒಂದು ಹೋಗಬೇಕು. ಕಣ್ಣಿಗೆ ಬಿದ್ದ ದಿನ ಕೊಳ್ಳಬಾರದು, ತಿಂಗಳು ಕಳೆದ ಮೇಲೂ ಬೇಕೆನಿಸಿದರೆ ಬಳಸಿದ್ದನ್ನು ಹುಡುಕಬೇಕು. ಅಷ್ಟು ಹೊತ್ತಿಗೆ ಮುಕ್ಕಾಲು ಆಸೆ ತಾನಾಗಿಯೇ ಇಳಿದಿರುತ್ತಿತ್ತು. ಉಳಿದ ಕಾಲು ಭಾಗಕ್ಕೆ ನಾನೂ ಎರಡು ಕನ್ನಡಕದಾಕೆಯೂ ನಮ್ಮ ನಮ್ಮ ಕೀಗಳ ಟೋಪಿಗಳನ್ನು, ಅಂದರೆ ಅಕ್ಷರವಿರುವ ಬಣ್ಣದ ಮುಚ್ಚಳಗಳನ್ನು, ಅದಲುಬದಲು ಮಾಡಿಕೊಳ್ಳುತ್ತಿದ್ದೆವು. ಅವಳ ನೀಲಿ ನನಗೆ ಆರು ತಿಂಗಳು, ನನ್ನ ಬೂದು ಅವಳಿಗೆ ಆರು ತಿಂಗಳು. ಇಬ್ಬರಿಗೂ ವರ್ಷಕ್ಕೆರಡು ಹೊಸ ಬೋರ್ಡ್ ಬಂದಷ್ಟು ಖುಷಿ, ಖರ್ಚು ಒಂದು ಲೋಟ ಟೀ. ಆ ದಿನಗಳಲ್ಲಿ ನಾನು ಸುಖವಾಗಿದ್ದೆ ಕಡ್ಡಿ. ಆಗ ಗೊತ್ತಾಗಿರಲಿಲ್ಲ.

ಆಮೇಲೆ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಬಲಗೈ ಹೋಯಿತು, ಓದು ಹೋಯಿತು. ಕಣ್ಣು ಕಂಡರೂ ಅಕ್ಷರ ಅಕ್ಷರವಾಗಿ ಕಾಣುವುದಿಲ್ಲ, ಚಿತ್ರ ತೋರಿಸಿದರೂ ಗೊಂದಲ. ಆಸ್ಪತ್ರೆಯವರು ಕೊಟ್ಟ ಚಿತ್ರದ ಹಲಗೆಯಲ್ಲಿ ನೀರಿನ ಲೋಟ ತೋರಿಸಿ ಎಂದರೆ ಇವರು ಹಾಸಿಗೆಯ ಚಿತ್ರಕ್ಕೆ ಬೆರಳಿಡುವರು, ತಪ್ಪಾಯಿತೆಂದು ಅವರಿಗೇ ಗೊತ್ತಾಗಿ ಹಲಗೆಯನ್ನು ನೆಲಕ್ಕೆ ಎಸೆಯುವರು. ಗಂಟೆ ಕೊಟ್ಟೆವು. ಗಂಟೆ ಬಾರಿಸಿದರೆ ಏನೋ ಬೇಕು ಅಷ್ಟೇ, ಏನು ಬೇಕೆಂದು ನಾನು ಇಪ್ಪತ್ತು ಪ್ರಶ್ನೆ ಕೇಳಬೇಕು, ಹತ್ತನೆಯದಕ್ಕೆ ಇಬ್ಬರಿಗೂ ಅಳು ಬರುತ್ತಿತ್ತು.

ಆಗ ನನಗೆ ನೆನಪಾದದ್ದು ಆ ಸ್ಯಾಂಪಲ್ ಹಲಗೆ. ದೊಡ್ಡ ಪಾಕೀಟು ಕೊಳ್ಳುವ ಮೊದಲು ಒತ್ತಿ ನೋಡಲೆಂದು ಒಂಬತ್ತು ಬಗೆಯ ಸ್ವಿಚ್ಚು ಒಂದೊಂದನ್ನೇ ಕೂರಿಸಿ ಮಾರುತ್ತಾರಲ್ಲ, ಅಂಗೈಯಗಲದ್ದು. ತಂತಿ ಇಲ್ಲ, ಕರೆಂಟ್ ಇಲ್ಲ, ಯಾವುದಕ್ಕೂ ಜೋಡಿಸುವ ಹಾಗಿಲ್ಲ. ಒತ್ತಿದರೆ ಶಬ್ದ, ಅಷ್ಟೇ. ಇಡೀ ಹವ್ಯಾಸದಲ್ಲೇ ಅಗ್ಗದ ವಸ್ತು ಅದು. ಅದನ್ನು ಅವರ ಎಡಗೈಗೆ ಸಿಗುವ ಹಾಗೆ ಮಂಚದ ಪಕ್ಕದ ಮರದ ಸ್ಟೂಲಿಗೆ ತಿರುಪು ಹಾಕಿ ಬಿಗಿದೆ. ಟೊಳ್ಳು ಸ್ಟೂಲು, ಶಬ್ದ ಪಕ್ಕದ ಕೋಣೆಯಲ್ಲಿ, ಆಗಿನಿಂದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ ನನ್ನ ಮೇಜಿನವರೆಗೂ ಬರುತ್ತಿತ್ತು. ಅಪ್ಪ ಒಂದೊಂದನ್ನೂ ಒತ್ತಿದರು, ತಲೆ ವಾಲಿಸಿ ಕೇಳಿದರು. ಡಿಪೋದಲ್ಲಿ ಬಾನೆಟ್ ಎತ್ತಿ ನಿಲ್ಲುವಾಗಿನ ಮುಖ ಅವರಿಗೆ ಮತ್ತೆ ಬಂದಿತ್ತು.

ಒಂದೊಂದಕ್ಕೆ ಒಂದೊಂದು ಅರ್ಥ ಕೂರಿಸಲು ಒಂದೂವರೆ ತಿಂಗಳು ಹಿಡಿಯಿತು. ಜೋರಾಗಿ ಟಿಕ್ ಅನ್ನುವುದು ನೀರು. ಮರಳಿನ ಹಾಗೆ ಕೆರೆಯುವುದು ನೋವು. ಬಿಗಿಯಾದದ್ದು ಶೌಚಕ್ಕೆ. ಹೌದು ಒಂದು, ಬೇಡ ಒಂದು. ದೀಪ ಒಂದು, ರೇಡಿಯೋ ಒಂದು. ಮಧ್ಯದ್ದು ಬಾ ಎಂದು, ಅದು ನನ್ನನ್ನು ಕರೆಯುವುದಕ್ಕೆ. ಅದರಲ್ಲಿ ಒಂದು ಸದ್ದೇ ಮಾಡದ ಸ್ವಿಚ್ಚೂ ಬಂದಿತ್ತು, ಒಳಗೆ ರಬ್ಬರಿನದು. ಇದು ಯಾವ ಕೆಲಸಕ್ಕೆ ಎಂದು ನಾನು ಕೀಳಲು ಹೋದರೆ ಅಪ್ಪ ಕೈ ಅಡ್ಡ ಇಟ್ಟರು. ಬೇಡದ್ದಕ್ಕೆ ಅದನ್ನೇ ಇಟ್ಟುಕೊಂಡರು. ನಾನು ಎದುರಿಗೆ ನಿಂತು ಔಷಧಿ, ಸ್ನಾನ, ವ್ಯಾಯಾಮ ಎಂದು ಪಟ್ಟಿ ಓದುವಾಗ ನನ್ನ ಮುಖ ನೋಡುತ್ತಾ ಸದ್ದಿಲ್ಲದೆ ಅದನ್ನು ಒತ್ತುವರು. ನನ್ನ ಪಾಡಿಗೆ ನನ್ನನ್ನು ಬಿಡು ಮಾರಾಯ್ತಿ ಅನ್ನುವ ಹಾಗೆ.

ಹಲಗೆಯಲ್ಲಿದ್ದ ಒಂಬತ್ತನೆಯ ಸ್ವಿಚ್ಚಿನ ಕಾಲು ಮೊದಲೇ ಮುರಿದಿತ್ತು. ಆ ಜಾಗಕ್ಕೆ ಆಸ್ಪತ್ರೆಯ ನನ್ನ ಹಳೆಯ ಕೀಬೋರ್ಡಿನಿಂದ ಒಂದನ್ನು ಕಿತ್ತು, ಕಾಲುಗಳನ್ನು ಅರದಲ್ಲಿ ತಿಕ್ಕಿ ಕೂರಿಸಿದೆ. ನಿನಗೆ ನೆನಪಿದೆ ಅದು. ನಿನ್ನ ಶಾಲೆಗೆ ರಜೆ ಇದ್ದಾಗ ನಿನ್ನನ್ನು ರೆಕಾರ್ಡ್ ರೂಮಿಗೆ ಕರೆದುಕೊಂಡು ಹೋಗುತ್ತಿದ್ದೆ. ನಾನು ಊಟಕ್ಕೋ ಟೀಗೋ ಎದ್ದ ಕೂಡಲೇ ನೀನು ಕುರ್ಚಿಯ ಮೇಲೆ ಮಂಡಿಯೂರಿ ಎರಡು ಬೆರಳಲ್ಲಿ ಪುಟಗಟ್ಟಲೆ ನಿನ್ನ ಹೆಸರನ್ನು ಬಡಿಯುತ್ತಿದ್ದೆ. ಇಳಿಯುವಾಗ ಒಂದು ಶಬ್ದ, ಏಳುವಾಗ ಇನ್ನೊಂದು. ಆ ಬೋರ್ಡನ್ನು ತೆಗೆದು ಬಿಸಾಡುವಾಗ ನಾನೇ ಕೇಳಿ ಮನೆಗೆ ತಂದಿದ್ದೆ. ಹಾಗೆ ಒಂಬತ್ತೂ ಭರ್ತಿಯಾಯಿತು. ಒಂಬತ್ತನೆಯದಕ್ಕೆ ಕಿಟಕಿ ಎಂದು ಅರ್ಥ ಅಂತ ನಿನಗೆ ಫೋನಿನಲ್ಲಿ ಹೇಳಿದೆ.

ನವೆಂಬರಿನಲ್ಲಿ ನೀನು ಬಂದೆ. ಮೂರು ದಿನಕ್ಕೆಂದು ಬಂದವಳು ಎರಡನೆಯ ದಿನ ಮಧ್ಯಾಹ್ನ ಹೊರಟುಹೋದೆ. ನೀನು ಬಂದ ಗಳಿಗೆಯಿಂದ ಅಪ್ಪ ಆ ಒಂಬತ್ತನೆಯದನ್ನು ಬಿಡಲಿಲ್ಲ. ನೀನು ಎದ್ದು ಕಿಟಕಿ ತೆರೆಯುವೆ, ಅವರು ಮತ್ತೆ ಒತ್ತುವರು. ನೀನು ಮುಚ್ಚುವೆ, ಮತ್ತೆ ಒತ್ತುವರು. ಅರ್ಧ ತೆರೆದು ನೋಡಿದೆ, ಪರದೆ ಎಳೆದು ನೋಡಿದೆ. ಕೊನೆಗೆ ಅಡುಗೆಮನೆಗೆ ಬಂದು, "ಅಮ್ಮ, ಅಪ್ಪಂಗೆ ಏನೂ ಗೊತ್ತಾಗ್ತಾ ಇಲ್ಲ, ಸುಮ್ನೆ ಒತ್ತುತಾ ಇದಾರೆ ಅಷ್ಟೇ," ಎಂದೆ. ನಾನು ಪಾತ್ರೆ ತೊಳೆಯುತ್ತಿದ್ದೆ. ತಿರುಗಿ ನೋಡಲಿಲ್ಲ.

ಮರುದಿನ ಹೊದಿಕೆ ತೆಗೆಯಲು ಕಪಾಟಿಗೆ ಕೈ ಹಾಕಿದ ನಿನಗೆ ನಾನು ಬಚ್ಚಿಟ್ಟಿದ್ದ ಪಾರ್ಸೆಲ್ ಸಿಕ್ಕಿತು, ಒಡೆದು ನೋಡಿದೆ. ತೊಂಬತ್ತು ಸ್ವಿಚ್ಚು, ಹಾಲಿನ ಬಣ್ಣದವು, ಎಲ್ಲ ಒಂದೇ ತೂಕದ ಸ್ಪ್ರಿಂಗು, ಕಾರ್ಖಾನೆಯಲ್ಲೇ ಗ್ರೀಸ್ ಸವರಿ ಬಂದದ್ದು. ಬಿಲ್ಲೂ ಒಳಗೇ ಇತ್ತು. ಬಾಗಿಲ ಒಳಗಡೆ ನನ್ನ ಚೀಟಿ, ಅದರ ಹಿಂದೆ ಆ ಪಾರ್ಸೆಲ್. ನೀನು ಕೂಗಾಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ಬಿಲ್ಲು ಹಿಡಿದುಕೊಂಡು, "ಇದು ನಾನು ಕಳಿಸಿದ ದುಡ್ಡಾ?" ಎಂದು ಕೇಳಿದೆ. ಅಲ್ಲ, ನಾನು ಹೆಚ್ಚಿಗೆ ಟೈಪ್ ಮಾಡಿ ಗಳಿಸಿದ್ದು ಎಂದೆ. ಅದು ಸುಳ್ಳು. ಅಪ್ಪನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದಾಕೆಯನ್ನು ಆರು ವಾರ ಬರಬೇಡ ಎಂದಿದ್ದೆ. ಅವಳಿಗೆ ಕೊಡಬೇಕಿದ್ದ ನಿನ್ನ ದುಡ್ಡು ಅದು. ಆ ಆರು ವಾರ ಅಪ್ಪನ ಕೈಯನ್ನು ನಾನೇ ಎತ್ತಿ ಇಳಿಸುತ್ತೇನೆ ಎಂದುಕೊಂಡಿದ್ದೆ. ಮೊದಲ ನಾಲ್ಕು ದಿನ ಮಾಡಿದೆ.

ಯಾಕೆ ಕೊಂಡೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡು ವರ್ಷದಲ್ಲಿ ನನ್ನದು ಅನ್ನುವ ಒಂದು ವಸ್ತು ಹೊಸದಾಗಿ ಮನೆಗೆ ಬಂದಿರಲಿಲ್ಲ. ಬಂದದ್ದೆಲ್ಲ ರಬ್ಬರ್ ಹಾಳೆ, ಬ್ಯಾಂಡೇಜು, ಟ್ಯೂಬು. ಕಂಡ ದಿನವೇ ಕೊಂಡೆ, ತಿಂಗಳು ಕಾಯಲಿಲ್ಲ. ಬಂದ ಮೇಲೆ ತೆರೆಯಲು ಧೈರ್ಯವಿಲ್ಲದೆ ಹೊದಿಕೆಯ ಹಿಂದೆ ಇಟ್ಟೆ. ಅಷ್ಟು ದುಡ್ಡು ಹಾಕಿ ಒಂದು ದಿನವೂ ಸುಖಪಡದ ದಡ್ಡಿ ಯಾರಾದರೂ ಇದ್ದರೆ ನಾನೇ.

ಸಿಕ್ಕಿಬಿದ್ದವಳಿಗೆ ಸಿಟ್ಟು ಜಾಸ್ತಿ. ಬಾಯಿಗೆ ಬಂದದ್ದು ಆಡಿದೆ. ತಿಂಗಳಿಗೊಮ್ಮೆ ದುಡ್ಡು ಕಳಿಸಿ ಲೆಕ್ಕ ಕೇಳಲು ಬಂದೆಯಾ ಎಂದೆ. ಇಲ್ಲಿ ಒಂದು ವಾರ ಇದ್ದು ನೋಡು ಎಂದೆ. ಕೊನೆಗೆ, ನಿನ್ನಪ್ಪ ಇಷ್ಟು ದಿನದಲ್ಲಿ ಒಂದು ಸಲವಾದರೂ ನಿನ್ನನ್ನು ಕೇಳಿಲ್ಲ ಎಂದೆ. ಆ ಮಾತು ಕೇಳಿ ನೀನು ಬ್ಯಾಗ್ ತುಂಬಿಕೊಂಡು ಹೊರಟೆ. ನೀನು ಹೊಸಿಲು ದಾಟುವಾಗ ಒಳಗಿನಿಂದ ಮತ್ತೆ ಆ ಒಂಬತ್ತನೆಯ ಶಬ್ದ ಬಂತು, ನೀನು ನಿಂತು, ತಿರುಗಿ ಒಳಗೆ ಹೋಗಿ, ಕಿಟಕಿ ತೆರೆದು, ಹೋದೆ.

ಒಂದು ವಾರದ ಮೇಲೆ, ನೀನು ಒಡೆದಿಟ್ಟ ಪಾರ್ಸೆಲ್ ತೆಗೆದು ನನ್ನ ಬೋರ್ಡಿನ ತುಂಬ ಹಾಲು ಬಣ್ಣದವನ್ನು ಕೂರಿಸಿದೆ. ಇನ್ನೂ ಉಳಿದಿದ್ದವು. ಅಪ್ಪನ ಹಲಗೆಯ ಒಂಬತ್ತನ್ನೂ ಕಿತ್ತು ಅಲ್ಲಿಗೂ ಇವನ್ನೇ ಹಾಕಿದೆ. ಕಿತ್ತವನ್ನು ಡಬ್ಬಿಗೆ ತುಂಬಿ ಆ ಚೀಟಿ ಬರೆದು ನಿನಗೆ ಕಳಿಸಿದೆ. ಎರಡು ಕನ್ನಡಕದಾಕೆಗೆ ಹೇಳುವಾಗ, ಪಾಪ, ಅವರಿಗೂ ಒಂದು ಒಳ್ಳೆಯದು ಇರಲಿ ಎಂದು ಹಾಕಿದೆ ಎಂದೆ. ಎಲ್ಲ ಒಂದೇ ಸಮ, ಒಂದೇ ನುಣುಪು, ಎಷ್ಟು ಚಂದ ಎಂದೆ. ನಮ್ಮ ಈ ಹವ್ಯಾಸದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಒಂದು ಕೀ ಇನ್ನೊಂದಕ್ಕಿಂತ ಬೇರೆ ಅನಿಸಬಾರದು, ಅದಕ್ಕಾಗಿಯೇ ಜನ ಬ್ರಷ್ ಹಿಡಿದು ಗಂಟೆಗಟ್ಟಲೆ ಕೂರುತ್ತಾರೆ. ಅವಳೂ ಚಂದ ಎಂದಳು. ಇಬ್ಬರಿಗೂ ಹೊಳೆಯಲಿಲ್ಲ.

ಅಥವಾ ನನಗೆ ಹೊಳೆದಿತ್ತೇನೋ. ನಿನಗೆ ನಿಜ ಹೇಳುತ್ತೇನೆ, ನನಗೆ ಆ ಶಬ್ದ ಸಾಕಾಗಿತ್ತು. ಕಿವಿಯಲ್ಲಿ ಡಾಕ್ಟರ ಮಾತು, ಹೊರಗಿನಿಂದ ಟಿಕ್, ಟಕ್, ಕರಕರ. ಒಂದು ವಾಕ್ಯಕ್ಕೆ ಮೂರು ಸಲ ಏಳಬೇಕು. ಸಾಲಿಗಿಷ್ಟು ಎಂದು ಸಂಬಳ ಕೊಡುವವರಿಗೆ ನನ್ನ ಮನೆಯ ಶಬ್ದ ಲೆಕ್ಕಕ್ಕಿಲ್ಲ. ಒಂದು ದಿನ ಸುಮ್ಮನಿದ್ದರೆ ಸಾಕು ಅನಿಸುತ್ತಿತ್ತು. ಹೊಸ ಸ್ವಿಚ್ಚು ಹಾಕಿದ ಮೇಲೆ ಮೊದಲೆರಡು ದಿನ ಅಪ್ಪ ತುಂಬ ಒತ್ತಿದರು, ಆ ಮೆತ್ತನೆಯ ಸದ್ದು ಹೆಡ್‌ಫೋನ್ ಹಾಕಿದ ನನಗೆ ಕೇಳಿಸಲಿಲ್ಲ. ಆಮೇಲೆ ಕಡಿಮೆಯಾಯಿತು. ಹತ್ತು ದಿನಕ್ಕೆ ನಿಂತಿತು. ಗಂಟೆಗೊಮ್ಮೆ ಹೋಗಿ ನೋಡುತ್ತಿದ್ದೆ, ನೀರು ಬೇಕಾ ಅನ್ನುತ್ತಿದ್ದೆ, ಅವರು ಗೋಡೆ ನೋಡುವರು. ಬೇಡವೆಂದೇ ತಿಳಿದೆ. ನೀನು ಹೋದ ಬೇಜಾರಿಗೆ ಮುಖ ಊದಿಸಿಕೊಂಡಿದ್ದಾರೆ ಎಂದುಕೊಂಡೆ. ಆ ಆರೇಳು ವಾರ ನಾನು ಎರಡು ವರ್ಷದಲ್ಲಿ ಮಾಡದಷ್ಟು ಕೆಲಸ ಮಾಡಿದೆ. ಮನೆ ಶಾಂತವಾಗಿತ್ತು. ನನಗೆ ಹಾಯೆನಿಸಿತು, ಅದನ್ನು ಮುಚ್ಚಿಡುವುದಿಲ್ಲ.

ಜನವರಿಯಲ್ಲಿ ಅವರಿಗೆ ಜ್ವರ ಬಂತು. ನಿನಗೆ ತಿಳಿಸಲಿಲ್ಲ. ಮೂತ್ರದ ಸೋಂಕು, ಮೈಯಲ್ಲಿ ನೀರಿನಂಶವೇ ಇಲ್ಲ ಎಂದರು. ಐದು ದಿನ ಆಸ್ಪತ್ರೆಯಲ್ಲಿದ್ದರು. ಸಣ್ಣ ವಯಸ್ಸಿನ ಡಾಕ್ಟರು, ನೀರು ಕೇಳ್ತಾ ಇರ್ಲಿಲ್ವಾ ಎಂದು ಕೇಳಿದರು. ಇಲ್ಲ ಡಾಕ್ಟ್ರೇ, ಕೇಳ್ಲೇ ಇಲ್ಲ ಎಂದೆ. ಮನೆಗೆ ಬಂದ ಮೂರನೆಯ ದಿನ ಕೆಲಸಕ್ಕೆ ಕೂತೆ. ನಾಲ್ಕನೆಯ ಕಡತ ತೆರೆದರೆ ಅದೇ ಡಾಕ್ಟರ ದನಿ, ಅಪ್ಪನ ವಯಸ್ಸು, ಅಪ್ಪನ ಹಾಸಿಗೆಯ ನಂಬರು. ಸರದಿಯಲ್ಲಿ ಅದು ನನಗೇ ಬಂದಿತ್ತು. ಹಿಂದಿರುಗಿಸಿ ಬೇರೆಯವರಿಗೆ ಕೊಡಿ ಅನ್ನಬಹುದಿತ್ತು. ಕೈ ಆಗಲೇ ಓಡುತ್ತಿತ್ತು. ರೋಗಿ ನೀರು ಕೇಳಿರಲಿಲ್ಲವೆಂದು ಆರೈಕೆ ಮಾಡುವವರು ತಿಳಿಸಿರುತ್ತಾರೆ ಎಂದು ಟೈಪ್ ಮಾಡಿದೆ. ಆರೈಕೆ ಮಾಡುವವರು ಅಂದರೆ ನಾನು. ಆ ಸಾಲು ಹಾಲು ಬಣ್ಣದ ಸ್ವಿಚ್ಚುಗಳ ಮೇಲೆ ಒಂದು ಚೂರೂ ತೊಡಕಿಲ್ಲದೆ ಜಾರಿಹೋಯಿತು.

ಹೆಡ್‌ಫೋನ್ ತೆಗೆದಿಟ್ಟು ಬಾಗಿಲ ಹತ್ತಿರ ಹೋಗಿ ನಿಂತೆ. ಅಪ್ಪನಿಗೆ ನಾನು ಬಂದದ್ದು ತಿಳಿಯಲಿಲ್ಲ. ಅವರ ಎಡಗೈ ಹಲಗೆಯ ಮೇಲಿತ್ತು. ಮೊದಲನೆಯ ಕೀಯನ್ನು ಅರ್ಧ ಒತ್ತಿ, ತಲೆ ವಾಲಿಸಿ, ಬಿಟ್ಟರು. ಎರಡನೆಯದನ್ನು ಒತ್ತಿ, ಬಿಟ್ಟರು. ಹಾಗೆ ಒಂಬತ್ತನ್ನೂ ಮುಟ್ಟಿ, ಮತ್ತೆ ಮೊದಲಿಗೆ ಬಂದರು. ತಮ್ಮ ಮನೆಯೇ ಯಾವುದೆಂದು ತಿಳಿಯದೆ ಸಾಲು ಮನೆಗಳ ಬಾಗಿಲು ತಟ್ಟುವವರ ಹಾಗೆ. ಆಮೇಲೆ ಕೈ ಹೊದಿಕೆಯೊಳಗೆ ಎಳೆದುಕೊಂಡರು. ಕಡ್ಡಿ, ಅವರು ನೀರು ಕೇಳಿದ್ದರು. ಅಷ್ಟು ದಿನವೂ ಕೇಳಿದ್ದರು. ಅವರ ಬಾಯಿಯನ್ನು ನಾನೇ ಕಿತ್ತು, ಹತ್ತಿಯಲ್ಲಿ ಸುತ್ತಿ, ನಿನಗೆ ಅಂಚೆಯಲ್ಲಿ ಕಳಿಸಿಬಿಟ್ಟಿದ್ದೆ.

ಅವತ್ತೇ ಎರಡು ಕನ್ನಡಕದಾಕೆಗೆ ಫೋನ್ ಮಾಡಿ ಅತ್ತೆ. ಅವಳು ತನ್ನ ಹಳೆಯ ಸ್ಯಾಂಪಲ್ ಹಲಗೆ ಹಿಡಿದುಕೊಂಡು ಸಂಜೆಯೊಳಗೆ ಬಂದಳು. ಅದೇ ಕಂಪನಿಯದು, ಹೆಚ್ಚುಕಡಿಮೆ ಅವೇ ಶಬ್ದ. ಅಪ್ಪ ಟಿಕ್ ಅನ್ನುವುದನ್ನು ಒತ್ತಿದರು, ನಾನು ನೀರು ತಂದೆ. ಲೋಟ ಮುಗಿಸಿ ಮತ್ತೆ ಒತ್ತಿದರು, ಮತ್ತೆ ತಂದೆ. ಮೂರನೆಯದಕ್ಕೆ ಅವರಿಗೆ ಬೇಕಿತ್ತೋ ಅಥವಾ ನಾನು ಬರುತ್ತೇನೋ ಎಂದು ನೋಡಿದರೋ ಗೊತ್ತಿಲ್ಲ. ಎರಡು ವಾರದಲ್ಲಿ ಎಂಟೂ ಸರಿಹೋದವು. ಈಗ ಕುಡಿಯುತ್ತಾರೆ, ತಿನ್ನುತ್ತಾರೆ, ನಾನು ಉಪದೇಶ ಮಾಡಿದರೆ ಸದ್ದಿಲ್ಲದ್ದನ್ನು ಒತ್ತುತ್ತಾರೆ. ವ್ಯಾಯಾಮದಾಕೆ ಮತ್ತೆ ಬರುತ್ತಿದ್ದಾಳೆ.

ಒಂಬತ್ತನೆಯದು ಮಾತ್ರ ಸರಿಹೋಗಲಿಲ್ಲ. ಆ ತೂತಿಗೆ ಏನು ಹಾಕಿದರೂ ಒಮ್ಮೆ ಒತ್ತಿ, ಕೇಳಿ, ಉಗುರಲ್ಲಿ ಎಬ್ಬಿಸಿ ಕಿತ್ತು ನೆಲಕ್ಕೆ ಹಾಕುತ್ತಾರೆ. ಹಳೆಯ ಬೋರ್ಡಿನಲ್ಲಿ ಉಳಿದಿದ್ದವುಗಳಿಂದ ತೆಗೆದು ಹಾಕೋಣವೆಂದರೆ ಅದನ್ನು ಕಳೆದ ವರ್ಷವೇ ಗುಜರಿಯವನಿಗೆ ಕೊಟ್ಟಾಗಿದೆ. ಒಂದು ಬಂದರೆ ಒಂದು ಹೋಗಬೇಕೆಂಬ ನನ್ನ ನಿಯಮಕ್ಕೆ ಅದೇ ಸರಿಯಾಗಿ ಸಿಕ್ಕಿತ್ತು. ಅಂಥ ಸ್ವಿಚ್ಚನ್ನು ಈಗ ಯಾರೂ ಮಾಡುವುದಿಲ್ಲ. ಹದಿನಾಲ್ಕು ಕಡೆ ವಿಚಾರಿಸಿದೆ. ಈಗ ಆ ತೂತು ಖಾಲಿ ಇದೆ. ಅಪ್ಪ ಅದರೊಳಗೆ ಬೆರಳಿಟ್ಟು ನನ್ನನ್ನೇ ನೋಡುತ್ತಾರೆ. ನಾನು ಆ ನೋಟಕ್ಕೆ ಸಿಗದ ಹಾಗೆ ಕೋಣೆಯಲ್ಲಿ ಓಡಾಡುವುದನ್ನು ಕಲಿತಿದ್ದೇನೆ.

ಹಾಲು ಬಣ್ಣದವನ್ನು ಕೊಂಡದ್ದರ ಅರ್ಧಕ್ಕೆ ಮಾರಿದೆ, ಬೇಜಾರಿಲ್ಲ. ನನ್ನ ಬೋರ್ಡ್ ಈಗ ಬರೀ ತೂತುಗಳ ಹಲಗೆ, ಕಪಾಟಿನಲ್ಲಿದೆ. ಕೆಲಸವನ್ನು ಆಫೀಸು ಕೊಟ್ಟ ಚಪ್ಪಟೆ ಕೀಬೋರ್ಡಿನಲ್ಲಿ ಮಾಡುತ್ತೇನೆ, ಬೆರಳು ಮತ್ತೆ ಮರಗಟ್ಟುತ್ತಿದೆ. ಎರಡು ಕನ್ನಡಕದಾಕೆ ತನ್ನ ಹಳೆಯ ಕಂದು ಸ್ವಿಚ್ಚುಗಳನ್ನು ಕೊಡುತ್ತೇನೆ ಎಂದಿದ್ದಾಳೆ, ಕಾಸು ಬೇಡ, ಬದಲಿಗೆ ಅವಳ ಬೋರ್ಡಿಗೆ ನಾನು ಗ್ರೀಸ್ ಸವರಿಕೊಡಬೇಕಂತೆ. ಅದಕ್ಕೂ ಒಂದು ತಿಂಗಳು ಕಾಯೋಣ ಎಂದಿದ್ದೇನೆ. ಚೀಟಿಯನ್ನು ಕಪಾಟಿನ ಒಳಗಿನಿಂದ ಕಿತ್ತು ಹೊರಗಡೆ ಅಂಟಿಸಿದ್ದೇನೆ.

ಆದ್ದರಿಂದ ಡಬ್ಬಿ ಹುಡುಕು. ಎಂಟು ನೀನೇ ಇಟ್ಟುಕೋ, ಯಾರಿಗಾದರೂ ಕೊಡು. ಕಪ್ಪಗಿರುವ, ಕಾಲುಗಳನ್ನು ಅರದಲ್ಲಿ ತಿಕ್ಕಿದ ಗುರುತಿರುವ ಒಂದು ಮಾತ್ರ ಬೇಕು. ಒತ್ತಿ ನೋಡಿದರೆ ಗೊತ್ತಾಗುತ್ತದೆ, ಇಳಿಯುವಾಗೊಂದು ಏಳುವಾಗೊಂದು. ಒಂದು ಕಿಟಕಿಗಾಗಿ ಇಷ್ಟೆಲ್ಲ ಏಕೆ, ನೀನೇ ಹೋಗಿ ತೆರೆಯಬಾರದಾ ಎಂದು ಕೇಳುತ್ತೀಯ. ಕೇಳಬೇಕಾದ್ದೇ.

ನಾನು ಅವತ್ತು ಆಡಿದ ಮಾತುಗಳಿಗೆ ಕ್ಷಮೆ ಕೇಳುತ್ತೇನೆ. ದುಡ್ಡಿನ ಸುಳ್ಳಿಗೂ. ನೀನು ಸರಿಯಾಗಿ ಊಟ ಮಾಡುತ್ತೀಯ ಎಂದುಕೊಳ್ಳುತ್ತೇನೆ. ಅಪ್ಪ ಎದ್ದ ಹಾಗಿದೆ, ನೀರಿನ ಸದ್ದು ಬಂತು, ಹೋಗುತ್ತೇನೆ.

ನಿನಗೆ ಸಿಟ್ಟಿದ್ದರೂ ನಿನ್ನವಳೇ ಆದ,
ಅಮ್ಮ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು:

ನೀರು ಕೊಟ್ಟು ಬಂದೆ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ.

ಒಂಬತ್ತನೆಯದು ಕಿಟಕಿ ಅಲ್ಲ. ಅದನ್ನು ಕೂರಿಸಿದ ದಿನ ಅಪ್ಪ ಒಮ್ಮೆ ಒತ್ತಿ ಕೇಳಿದರು, ಬಾಗಿಲ ಹಿಂದೆ ನೀನು ಬಿಟ್ಟುಹೋದ ಛತ್ರಿಯ ಕಡೆ ಕೈ ತೋರಿಸಿದರು, ಮತ್ತೆ ಒತ್ತಿದರು. ಡ್ಯೂಟಿ ಮುಗಿಸಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಲು ಆಸ್ಪತ್ರೆಗೆ ಬರುತ್ತಿದ್ದರಲ್ಲ, ಕಾರಿಡಾರಿನಲ್ಲೇ ಆ ಕೀಬೋರ್ಡಿನ ಶಬ್ದ ಕೇಳಿ ಇದು ಅವಳಲ್ಲ, ಇದು ಕಡ್ಡಿ ಎಂದು ಕಾವಲಿನವನಿಗೆ ಹೇಳುತ್ತಿದ್ದರು. ಆ ಶಬ್ದ ಅವರಿಗೆ ನೀನೇ. ದಿನಕ್ಕೆ ಹತ್ತು ಹನ್ನೆರಡು ಸಲ ಒತ್ತುತ್ತಿದ್ದರು.

ಮೊದಲು ಮುಚ್ಚಿಟ್ಟದ್ದು ನಿನ್ನ ಒಳ್ಳೆಯದಕ್ಕೆ. ಆಗಷ್ಟೇ ನಿನಗೆ ಕೆಲಸ ಸಿಕ್ಕಿತ್ತು, ಗೊತ್ತಾದರೆ ಬಿಟ್ಟು ಬರುತ್ತೀಯ ಎಂದು ಹೆದರಿದೆ. ಆಮೇಲೆ ಮುಚ್ಚಿಟ್ಟದ್ದು ಹೊಟ್ಟೆಕಿಚ್ಚಿಗೆ. ಎರಡು ವರ್ಷ ಮೈ ಒರೆಸಿದ ನನಗೆ ಅವರು ಇಟ್ಟದ್ದು ಬಾ ಅನ್ನುವ ಒಂದು ಕೀ. ನಿನಗೆ ಇಟ್ಟದ್ದು ನಿನ್ನ ಹೆಸರು.

ಅವರು ನಿನ್ನನ್ನು ಒಂದು ಸಲವೂ ಕೇಳಿಲ್ಲ ಎಂದೆನಲ್ಲ. ನಾನು ಆ ಮಾತು ಹೇಳುವಾಗಲೂ ಒಳಗೆ ಒತ್ತುತ್ತಿದ್ದರು. ಆ ಎರಡು ದಿನ ನೀನು ಎಷ್ಟು ಸಲ ಕಿಟಕಿ ತೆರೆದೆಯೋ, ಎಷ್ಟು ಸಲ ಮುಚ್ಚಿದೆಯೋ, ಅಷ್ಟು ಸಲವೂ ಅವರು ನಿನ್ನನ್ನು ಕರೆದಿದ್ದರು. ಸ್ವಿಚ್ಚನ್ನು ಅಂಚೆಗೆ ಹಾಕಬೇಡ, ನೀನೇ ತಾ.